ಮೈದಾನ ಒಣಗಿಸುವವರ ಊರಿನಲ್ಲಿ

ಬೆಂಗಳೂರಿಗೆ ಬಂದು ಎರಡು ವಾರವೂ ಆಗಿರಲಿಲ್ಲ. ಜಯನಗರದ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಮುಗಿಸಿ ತಿಲಕ್ ನಗರದ ಬಾಡಿಗೆ ಮನೆಗೆ ನಡೆದು ಬರುತ್ತಿದ್ದೆ. ಆಗತಾನೇ ಮಳೆ ನಿಂತಿತ್ತು. ದಾರಿಯಲ್ಲೊಂದು ಆಟದ ಮೈದಾನ. ಅದರ ನಡುವೆ ಹತ್ತು ಹನ್ನೆರಡು ಜನ ದೊಡ್ಡವರು ಕುಕ್ಕರಗಾಲಿನಲ್ಲಿ ಕೂತಿದ್ದರು. ಒಬ್ಬರು ಇಸ್ತ್ರಿ ಮಾಡಿದ ಪ್ಯಾಂಟಿನ ಹಿರಿಯರು, ಇನ್ನೊಬ್ಬರು ಯಾವುದೋ ಮದುವೆಯಿಂದ ನೇರ ಬಂದಂತಿದ್ದ ರೇಷ್ಮೆ ಸೀರೆಯ ಹೆಂಗಸು. ಎಲ್ಲರೂ ಹುಲ್ಲಿನ ಮೇಲೆ ಸ್ಪಂಜು ಒತ್ತಿ, ಅದನ್ನು ಬಕೆಟ್ಟಿಗೆ ಹಿಂಡುತ್ತಿದ್ದರು. ಬಕೆಟ್ಟು ತುಂಬಿದರೆ ಒಬ್ಬರು ಎತ್ತಿಕೊಂಡು ಹೋಗಿ ಮೋರಿಗೆ ಸುರಿಯುತ್ತಿದ್ದರು.

ನಾನು ಗೇಟಿನ ಹತ್ತಿರ ನಿಂತುಬಿಟ್ಟೆ. ನಾನು ಗದಗಿನವಳು. ನಲ್ಲಿಗೆ ನೀರು ಬರುವ ದಿನ ತಂಬಿಗೆಯನ್ನೂ ಬಿಡದೆ ತುಂಬಿಡುವ ಊರು ನಮ್ಮದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪುಕ್ಕಟೆ ಬಿದ್ದ ಮಳೆಯನ್ನು ನೆಲದಿಂದ ಹಿಂಡಿ ತೆಗೆದು ಮೋರಿಗೆ ಚೆಲ್ಲುವ ಜನರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇವರಿಗೆಲ್ಲ ತಲೆ ನೆಟ್ಟಗಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಇಸ್ತ್ರಿ ಪ್ಯಾಂಟಿನ ಹಿರಿಯರು ತಲೆಯೆತ್ತಿ ಕೂಗಿದರು. "ಏನ್ ಮೇಡಂ, ನೋಡ್ತಾ ನಿಂತ್ಬಿಟ್ರಿ? ಬನ್ನಿ, ಒಂದು ಸ್ಪಂಜು ಎಕ್ಸ್‌ಟ್ರಾ ಇದೆ."

ಯಾಕೆ ಹೋದೆನೋ ತಿಳಿಯದು. ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ, ಅದೊಂದು ಕಾರಣ. ಎರಡು ವಾರದಲ್ಲಿ ಆಸ್ಪತ್ರೆಯ ಹೊರಗೆ ಯಾರಾದರೂ ನನ್ನನ್ನು "ಬನ್ನಿ" ಎಂದು ಕರೆದದ್ದು ಅದೇ ಮೊದಲು. ಚಪ್ಪಲಿ ಗೇಟಿನ ಬಳಿ ಬಿಟ್ಟು ಒಳಗೆ ಹೋದೆ. ಅರ್ಧ ಗಂಟೆ ನೀರು ಹಿಂಡಿದೆ. ಮಳೆಗೆ ನಿಂತಿದ್ದ ಕ್ರಿಕೆಟ್ ಆಟವನ್ನು ಬಿಳಿ ಬಟ್ಟೆಯ ಹುಡುಗರು ಮುಂದುವರಿಸಿದರು. ಇಸ್ತ್ರಿ ಪ್ಯಾಂಟಿನವರು ಬೈ ಟೂ ಕಾಫಿ ತರಿಸಿ ಒಂದು ಲೋಟ ನನ್ನ ಕೈಗಿಟ್ಟರು. ಬೈ ಟೂ ಎಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವುದು. ನಮ್ಮ ಕಡೆ ಹಾಗೆ ಕೊಟ್ಟರೆ ಜಿಪುಣತನ ಅನ್ನುತ್ತೇವೆ. ಇಲ್ಲಿ ಅದು ಪರಿಚಯ ಮಾಡಿಕೊಳ್ಳುವ ರೀತಿ.

ಆ ಹಿರಿಯರ ಹೆಸರು ನಾಗಭೂಷಣ. ಟೆಲಿಫೋನ್ ಇಲಾಖೆಯಿಂದ ನಿವೃತ್ತರು, ಎಪ್ಪತ್ತಾರರ ವಯಸ್ಸು. ಮೈದಾನದಲ್ಲಿ ಎಲ್ಲರಿಗೂ ಅವರು ಭೂಷಣ್ ಅಂಕಲ್. ಆ ಕ್ರಿಕೆಟ್ ಕ್ಲಬ್ಬಿನ ಆಟಗಾರ, ಸ್ಕೋರರ್, ಕಾರ್ಯದರ್ಶಿ ಎಲ್ಲ ಆಗಿ ಈಗ ಏನೂ ಅಲ್ಲದೆ ದಿನವೂ ಬರುವವರು.

ಈ ಊರಲ್ಲಿ ಮನೆ ಹುಡುಕುವುದು ಹೇಗಿರುತ್ತದೆ ಎಂದು ಒಂದು ಮಾತು ಹೇಳಲೇಬೇಕು. ಬಿಟಿಎಂ ಲೇಔಟಿನಿಂದ ಗೊಟ್ಟಿಗೆರೆಯ ತನಕ ಹತ್ತು ಮನೆ ನೋಡಿದೆ. ಹತ್ತರಲ್ಲೂ ಮೊದಲ ಪ್ರಶ್ನೆ, "ಒಬ್ರೇನಾ ಮೇಡಂ?" ನಲವತ್ತರ ಹತ್ತಿರದ ಹೆಂಗಸು ಒಬ್ಬಳೇ ಇರುವುದು ಇಲ್ಲಿಯೂ ವಿಚಿತ್ರವೇ. ಕೊನೆಗೆ ತಿಲಕ್ ನಗರದ ಲಲಿತಾ ಆಂಟಿ ಮೇಲ್ಮಹಡಿ ಕೊಟ್ಟರು. ಅವರು ಕೆಳಗೆ, ನಾನು ಮೇಲೆ, ನನ್ನ ಮೇಲೆ ತಾರಸಿ. ಮೂರನೆಯ ದಿನ ಬೆಳಗ್ಗೆ ಬಾಗಿಲು ತಟ್ಟಿದರು. "ಆರು ಗಂಟೆಗೇ ಗೋಡೆ ಒಡೀತಿದ್ದೀರಾ ಮೇಡಂ?" ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ನಾಚಿಕೆಯಾಯಿತು. ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ ಕೊಟ್ಟು ಕಳಿಸಿದೆ. ಆಮೇಲೊಂದು ದಿನ ನೆಗಡಿಯಾಗಿ ಮಲಗಿದ್ದೆ, ಆಂಟಿ ಮೇಲೆ ಬಂದರು. "ಸದ್ದೇ ಬರ್ಲಿಲ್ವಲ್ಲ, ಹುಷಾರಾಗಿದೀರ ತಾನೇ?" ಅವರು ಹೋದ ಮೇಲೆ ನಾನು ಸ್ವಲ್ಪ ಹೊತ್ತು ಅತ್ತೆ.

ಭಾಷೆಯದು ಇನ್ನೊಂದು ಕಥೆ. ನಾನು ಎಕ್ಸ್-ರೇ ತೆಗೆಯುವವಳು. "ಉಸುರು ಹಿಡೀರಿ, ಅಳ್ಳಾಡಬ್ಯಾಡ್ರಿ" ಅಂದರೆ ಒಬ್ಬರು, "ಮೇಡಂ, ಕನ್ನಡದಲ್ಲೇ ಹೇಳಿ, ನಂಗೆ ಕನ್ನಡ ಬರುತ್ತೆ" ಅಂದರು. ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಈಗ "ಅಲ್ಲಾಡ್ಬೇಡಿ" ಎನ್ನುವುದನ್ನು ಕಲಿತಿದ್ದೇನೆ. ಮನೆಗೆ ಬಂದು ಅವ್ವನಿಗೆ ಫೋನು ಮಾಡಿದಾಗ ಮಾತ್ರ ನಾಲಿಗೆ ಚಪ್ಪಲಿ ಬಿಚ್ಚಿ ಕೂರುತ್ತದೆ.

ಇಂಥ ಊರಲ್ಲಿ ಆ ಮೈದಾನ ನನ್ನ ನೆಲೆಯಾಯಿತು. ಪಾಳಿ ಮುಗಿದರೆ ಅಲ್ಲಿಗೇ ಹೋಗುವುದು, ಕಲ್ಲು ಬೆಂಚಿನ ಮೇಲೆ ಕೂರುವುದು. ಆಟದ ಒಳಗುಟ್ಟೆಲ್ಲ ಅಂಕಲ್ ಕಲಿಸಿದರು. ಒಂದು ದಿನ ಅವರು ಮೂಗು ಮುಚ್ಚಿಕೊಂಡು ಸ್ಪಂಜಿನ ಚೀಲ ತಂದರು. ಹಳೆಯ ಸೋಫಾ ಬಿಚ್ಚಿ ಕತ್ತರಿಸಿದ ಇಪ್ಪತ್ತೆರಡು ತುಂಡು. ಕ್ಲಬ್ಬಿನ ಕೋಣೆಯಲ್ಲಿ ಒಣಗದೆ ವಾಸನೆ ಹತ್ತಿದ್ದವು. "ನಿಮ್ದು ತಾರಸಿ ಇದ್ಯಲ್ಲ ಮೇಡಂ. ಒಣಗಿಸಿ ತಂದ್ಕೊಡ್ತೀರಾ?" ಅಂದಿನಿಂದ ಅವು ನನ್ನ ಜವಾಬ್ದಾರಿಯಾದವು. ತೊಳೆದು, ತಂತಿಗೆ ಸಿಕ್ಕಿಸಿ, ಒಣಗಿಸಿ, ಪ್ರತಿ ಪಂದ್ಯಕ್ಕೂ ಒಯ್ಯುತ್ತಿದ್ದೆ. ನಗಬೇಡಿ. ಈ ಊರು ನಂಬಿ ನನ್ನ ಕೈಗೆ ಕೊಟ್ಟ ಮೊದಲ ವಸ್ತು ಅದು.

ಆ ಕ್ಲಬ್ಬಿನಲ್ಲಿ ಒಂದು ವಾಡಿಕೆಯಿದೆ. ಮಳೆ ನಿಂತರೆ ಮೈದಾನ ಒಣಗಿಸುವುದು ನಮ್ಮ ಕೆಲಸ, ಎದುರಾಳಿಗಳು ಸ್ಪಂಜು ಮುಟ್ಟುವಂತಿಲ್ಲ. ಒಣಗಿಸುವ ಮುಂಚೆ ಸ್ಕೋರು ನೋಡುವಂತಿಲ್ಲ. ಯಾಕೆಂದು ಕೇಳಿದ್ದಕ್ಕೆ ಅಂಕಲ್, "ಮನೆಗೆ ಬಂದೋರಿಗೆ ಎಲೆ ಹಾಕ್ಬಿಟ್ಟು, ಬಡಿಸದೆ ಕಳಿಸಕ್ಕಾಗುತ್ತಾ?" ಅಂದಿದ್ದರು. ಒಳ್ಳೆಯ ಮಾತು ಎಂದು ತಲೆಯಾಡಿಸಿದ್ದೆ. ಅದರ ಭಾರ ಎಷ್ಟೆಂದು ಆಗ ಗೊತ್ತಿರಲಿಲ್ಲ.

ಈ ವರ್ಷ ನಮ್ಮ ಕ್ಲಬ್ಬು ಸೆಮಿಫೈನಲ್ ತಲುಪಿತು. ಮೂರು ದಿನದ ಪಂದ್ಯ, ನಮ್ಮದೇ ಮೈದಾನ. ನಲವತ್ತು ವರ್ಷದ ಹಿಂದೊಮ್ಮೆ ಕ್ಲಬ್ಬು ಫೈನಲಿಗೆ ಹೋದಾಗ ಅಂಕಲ್ ಹನ್ನೆರಡನೆಯ ಆಟಗಾರರಾಗಿ ನೀರು ಹೊತ್ತಿದ್ದರಂತೆ. "ಇನ್ನೊಂದ್ ಸಲ ನೋಡ್ಬಿಡ್ಬೇಕು ಮೇಡಂ, ಅಷ್ಟೇ," ಎಂದು ದಿನಕ್ಕೊಮ್ಮೆ ಅನ್ನುತ್ತಿದ್ದರು. ಮುಂದಿನ ತಿಂಗಳು ಅವರ ಎರಡೂ ಮಂಡಿಗೆ ಆಪರೇಷನ್. ಆ ಮಂಡಿಗಳ ಎಕ್ಸ್-ರೇ ತೆಗೆದವಳು ನಾನೇ. ಮೂಳೆಗೆ ಮೂಳೆ ತಾಗುತ್ತಿತ್ತು. ಅವರು ಇಷ್ಟು ದಿನ ಹುಲ್ಲಿನ ಮೇಲೆ ಹೇಗೆ ಕೂತೆದ್ದರೋ ದೇವರೇ ಬಲ್ಲ.

ಎದುರಾಳಿ ತಂಡ ಯಾರೆಂದು ಮೊದಲ ದಿನ ಮೈದಾನಕ್ಕೆ ಹೋಗುವವರೆಗೂ ನನಗೆ ತಿಳಿದಿರಲಿಲ್ಲ. ಒಬ್ಬ ಹುಡುಗನ ಪಕ್ಕೆಲುಬಿಗೆ ಚೆಂಡು ಬಡಿಯಿತು. ನನ್ನ ಬಾಯಿಂದ "ಯವ್ವ" ಎಂದು ಬಂತು. ಎದುರಾಳಿಗಳ ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರ ಮ್ಯಾನೇಜರ್ ಎದ್ದು ಬಂದರು.

"ಅಕ್ಕಾರ, ನೀವು ನಮ್ಮ ಕಡೆಯವರೇನ್ರಿ?"

"ಗದಗ್ರಿ," ಅಂದೆ.

"ನಾವೂ ಅಲ್ಲಿಯವರ ರೀ. ಬಸಣ್ಣ ಅಂತ ನನ್ನ ಹೆಸರು, ಸಾಲ್ಯಾಗ ಪಿ.ಟಿ. ಮಾಸ್ತರ ಅದೇನಿ."

ಗದಗು, ಹುಬ್ಬಳ್ಳಿ ಕಡೆಯ ಹುಡುಗರ ತಂಡ. ಮಧ್ಯಾಹ್ನ ಅವರೆಲ್ಲ ಮೊಸರನ್ನದ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದನ್ನು ನೋಡಿದೆ. ಮರುದಿನ ನಸುಕಿಗೇ ಎದ್ದು ನಲವತ್ತು ರೊಟ್ಟಿ ಬಡಿದೆ. ಲಲಿತಾ ಆಂಟಿ ಮೇಲೆ ಬಂದು, "ಇವತ್ತು ಯಾರ ಮದ್ವೆ?" ಎಂದು ಕೇಳಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಹುಡುಗರು ತಿಂದದ್ದನ್ನು ನೋಡಿ ನನ್ನ ಹೊಟ್ಟೆ ತುಂಬಿತು. ಆದರೆ ಅವರು ನಮ್ಮ ಒಂದೊಂದು ವಿಕೆಟ್ ಕಿತ್ತಾಗಲೂ ಅದೇ ಹೊಟ್ಟೆ ಚುರುಕ್ಕೆನ್ನುತ್ತಿತ್ತು.

ಪಂದ್ಯದ ಸ್ಥಿತಿ ಹೀಗಿತ್ತು. ಮೊದಲ ಇನಿಂಗ್ಸ್‌ನಲ್ಲಿ ನಾವು ಸ್ವಲ್ಪ ಮುಂದಿದ್ದೆವು. ಪಂದ್ಯ ಮುಗಿಯದೆ ನಿಂತರೆ ಆ ಮುನ್ನಡೆಯಿಂದಲೇ ನಾವು ಫೈನಲಿಗೆ. ಆದರೆ ಎರಡನೆಯ ದಿನ ಸಂಜೆಗೆ ಅವರು ಕೊಟ್ಟ ಗುರಿ ಬೆನ್ನಟ್ಟಿದ ನಮ್ಮ ಎರಡನೆಯ ಇನಿಂಗ್ಸ್ ಕುಸಿದು ಏಳು ವಿಕೆಟ್ ಹೋಗಿದ್ದವು. ಗೆಲ್ಲುವ ಮಾತು ದೂರ. ಮೂರನೆಯ ದಿನ ಗೆಲ್ಲಲು ಅವರಿಗೆ ಇನ್ನು ಮೂರು ವಿಕೆಟ್ ಸಾಕು. ನಮ್ಮನ್ನು ಉಳಿಸುವುದು ಮಳೆ ಒಂದೇ.

ಮಳೆ ಬಂತು. ಬೆಳಗ್ಗೆಯಿಂದಲೇ ಹಿಡಿಯಿತು. ಪಾಳಿ ಬದಲಿಸಿಕೊಂಡು ಮನೆಯಲ್ಲಿದ್ದ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಹಿಂದಿನ ವಾರ ಒಣಗಿಸಿದ ಸ್ಪಂಜುಗಳು ಚೀಲದಲ್ಲಿ ತಯಾರಿದ್ದವು. ಹೊರಡುವಾಗ ಚೀಲ ಕೈಗೆತ್ತಿಕೊಂಡೆ. ಮತ್ತೆ ಕೆಳಗಿಟ್ಟೆ. ಬಾಗಿಲು ಹಾಕಿ ಬರಿಗೈಲಿ ನಡೆದೆ. ಭೂಷಣ್ ಅಂಕಲ್ ಫೈನಲ್ ನೋಡಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಹುಟ್ಟಿದ ಊರಿನ ಹುಡುಗರಿಗೆ ಬೆನ್ನು ಮಾಡಿ ಈ ಊರಿನ ಪರ ನಿಂತೆನಲ್ಲ ಎಂಬ ಹೆಮ್ಮೆಯೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಗಂಟೆಗೆ ಮಳೆ ನಿಂತಿತು. ಪಿಚ್ಚಿಗೆ ತಾಡಪಾಲು ಹೊದಿಸಿದ್ದರಿಂದ ಅದು ಒಣಗಿಯೇ ಇತ್ತು. ಆದರೆ ಬೌಲರ್ ಓಡಿಬರುವ ಎರಡೂ ಕಡೆ ನೀರು ನಿಂತಿತ್ತು. ಅಂಪೈರುಗಳು ನೋಡಿದರು. ಮೂರೂವರೆಯ ಒಳಗೆ ಅದು ಒಣಗಿದರೆ ಕೊನೆಯ ಒಂದು ಗಂಟೆ ಆಟ, ಇಲ್ಲದಿದ್ದರೆ ಇಲ್ಲಿಗೆ ಮುಗಿಯಿತು ಎಂದರು.

ಅಂಕಲ್ ನನ್ನ ಬಳಿ ಬಂದರು. "ಬ್ಯಾಗ್ ಎಲ್ಲಿ ಮೇಡಂ?"

"ಮರ್ತು ಬಂದೆ ಅಂಕಲ್."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಪರ್ವಾಗಿಲ್ಲ ಬಿಡಿ," ಅಂದರು. ಹೆಗಲ ಮೇಲಿನ ಟವೆಲ್ ತೆಗೆದರು. ನಿಧಾನವಾಗಿ, ಒಂದು ಕೈ ನೆಲಕ್ಕೂರಿ, ಮೊದಲು ಬಲ ಮಂಡಿ, ಆಮೇಲೆ ಎಡ ಮಂಡಿ ಕೆಸರಿಗೆ ಇಟ್ಟರು. ಟವೆಲ್ ಹಾಸಿ, ನೀರು ಹೀರಿಸಿ, ಹಿಂಡಿದರು. ಅವರ ಹಿಂದೆ ನಮ್ಮ ಆಟಗಾರರು ತಮ್ಮ ಟವೆಲ್ಲು, ಟೀ ಶರ್ಟು ಹಿಡಿದು ಬಂದರು. ಔಟಾಗದೆ ಉಳಿದಿದ್ದ ಬ್ಯಾಟ್ಸ್‌ಮನ್ ಕೂಡ ಪ್ಯಾಡು ಬಿಚ್ಚಿಟ್ಟು ಕೂತ. ಯಾರೂ ಆಕಾಶ ನೋಡಲಿಲ್ಲ. ಗದಗಿನ ಹುಡುಗರಿಬ್ಬರು ಓಡಿ ಬಂದಾಗ ಅಂಕಲ್ ಕೈಯಾಡಿಸಿದರು. "ನೀವು ಹೋಗಿ ವಾರ್ಮ್ ಅಪ್ ಮಾಡ್ಕೊಳಪ್ಪ. ಇದು ನಮ್ ಕೆಲ್ಸ."

ಬಸಣ್ಣ ನನ್ನ ಪಕ್ಕ ನಿಂತಿದ್ದರು. "ಅಕ್ಕಾರ, ಇಂಥಾ ಮಂದೀನ ನಾ ಎಲ್ಲೂ ಕಂಡಿಲ್ಲ ನೋಡ್ರಿ. ತಮ್ಮ ಸೋಲಿಗೆ ತಾವ ನೆಲಾ ಸಾರಸಾಕ ಹತ್ಯಾರ."

ನನಗೆ ಕಂಡದ್ದು ಆ ಮಂಡಿಗಳು. ಬೆಳಕಿನ ಪೆಟ್ಟಿಗೆಯ ಮೇಲೆ ನಾನೇ ಸಿಕ್ಕಿಸಿ ನೋಡಿದ, ಒಂದಕ್ಕೊಂದು ಉಜ್ಜುತ್ತಿದ್ದ ಮೂಳೆಗಳು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಈ ಊರಿನ ಪರ ನಿಂತೆ ಎಂದುಕೊಂಡವಳು ನಾನು, ಆದರೆ ಆ ಹೊತ್ತಿನಲ್ಲಿ ಇಡೀ ಮೈದಾನದಲ್ಲಿ ಈ ಊರಿಗೆ ಸೇರದವಳು ನಾನೊಬ್ಬಳೇ ಆಗಿದ್ದೆ.

ಓಡಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು ತಿಲಕ್ ನಗರದ ತನಕ ಓಡಿದೆ. ಆಂಟಿ ಗೇಟಿನಲ್ಲಿ, "ಏನಾಯ್ತು ಮೇಡಂ?" ಎನ್ನುತ್ತಿದ್ದಂತೆ ಮೆಟ್ಟಿಲು ಹತ್ತಿದೆ. ಚೀಲ ಹೊತ್ತು ಆಟೋ ಹಿಡಿದು ಮರಳಿದೆ. ಸ್ಪಂಜು ಹಂಚಿದೆ. ಅಂಕಲ್ಲರ ತೋಳು ಹಿಡಿದು ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿ, ಅವರ ಜಾಗದಲ್ಲಿ ನಾನು ಕೂತು ಹಿಂಡಿದೆ.

ಮೂರೂವರೆಗೆ ಅಂಪೈರುಗಳು ಬೂಟಿನಲ್ಲಿ ನೆಲ ಒತ್ತಿ ನೋಡಿ ತಲೆಯಾಡಿಸಿದರು. ಹದಿನಾಲ್ಕು ಓವರ್ ಆಟ. ಎರಡು ವಿಕೆಟ್ ಬೇಗನೆ ಬಿದ್ದವು. ಕೊನೆಯ ಜೋಡಿ ಕಚ್ಚಿಕೊಂಡು ನಿಂತಿತು. ಎಂಟು ಓವರ್ ಹೋಯಿತು, ಹತ್ತು ಹೋಯಿತು, ಹನ್ನೆರಡು ಹೋಯಿತು. ಅಂಕಲ್ ನನ್ನ ಪಕ್ಕ ಕೂತು ಒಂದೊಂದು ಚೆಂಡಿಗೂ ಬೆರಳು ಮಡಚುತ್ತಿದ್ದರು. ಹದಿಮೂರನೆಯ ಓವರಿನಲ್ಲಿ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಹಾರಿತು. ಹಿಂದಿನ ದಿನ ನನ್ನ ಕೈಯಿಂದ ಆರು ರೊಟ್ಟಿ ತಿಂದಿದ್ದ ಹುಡುಗ ಅದನ್ನು ಹಿಡಿದ.

ಅಂಕಲ್ ಮಡಚಿದ ಬೆರಳು ಬಿಡಿಸಿದರು. ಎದ್ದು ನಿಂತು ಚಪ್ಪಾಳೆ ಹೊಡೆದರು. "ಸಖತ್ ಕ್ಯಾಚು," ಅಂದರು. ಸಖತ್ ಎಂದರೆ ನಮ್ಮ ಬಾಯಲ್ಲಿ ಭಾರಿ ಚಲೋ. ಅವರ ಕಣ್ಣು ತುಂಬಿತ್ತು, ಆದರೆ ಚಪ್ಪಾಳೆ ನಿಲ್ಲಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅಂಕಲ್, ಬ್ಯಾಗ್ ನಾನು ಮರ್ತಿರ್ಲಿಲ್ಲ."

"ಗೊತ್ತು ಮೇಡಂ. ಮೂರು ತಿಂಗಳಲ್ಲಿ ಒಂದಿನಾನೂ ಮರೀದೋರು, ಇವತ್ತೇ ಮರೀತೀರಾ?"

"ನಿಮಗೋಸ್ಕರ..."

"ಅದೂ ಗೊತ್ತು." ಒದ್ದೆ ಸ್ಪಂಜುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿ, ಎಣಿಸಿ ನೋಡಿ, ನನ್ನ ಕೈಗೇ ಕೊಟ್ಟರು. "ಫೈನಲ್ಲೂ ಇಲ್ಲೇ. ಆಡೋರು ನಿಮ್ಮೂರೋರು. ಚೆನ್ನಾಗಿ ಒಣಗಿಸಿ ತನ್ನಿ."

ಬಯ್ದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಬಸಣ್ಣ ವ್ಯಾನು ಹತ್ತುವಾಗ ಕೈಮುಗಿದು, "ಅಕ್ಕಾರ, ಫೈನಲ್ಲಿಗೆ ನಮ್ಮ ಬೆಂಚಿನ್ಯಾಗ ಕೂಡ್ರಿ," ಅಂದರು. ನಾನು ಅಂಕಲ್ಲರ ಕಡೆ ನೋಡಿದೆ. ಅವರು ಟವೆಲ್ ಹಿಂಡುತ್ತಿದ್ದರು.

ಇಂದು ಸಂಜೆ ಇದನ್ನು ಬರೆಯುವ ಮುಂಚೆ ಅವ್ವನ ಫೋನು ಬಂದಿತ್ತು. ಊರಲ್ಲಿ ಇನ್ನೂ ಹನಿ ಬಿದ್ದಿಲ್ಲವಂತೆ. ಇವತ್ತು ಮಾತ್ರ ಮೋಡ ಕಟ್ಟಿದೆಯಂತೆ. "ಮಳಿ ಬರ್ಲಿ ಅಂತ ಬೇಡ್ಕೊಳವ್ವ," ಅಂದಳು.

"ಬೇಡ್ಕೋತೇನವ್ವ," ಅಂದೆ. ತಾರಸಿಯ ಮೇಲಿದ್ದೆ. ಬನಶಂಕರಿಯ ಕಡೆಯಿಂದ ಕಪ್ಪು ಮೋಡ ಏರಿ ಬರುತ್ತಿತ್ತು, ಸ್ಪಂಜುಗಳು ಇನ್ನೂ ಹಸಿಯಾಗಿದ್ದವು. ಒಂದು ಕೈಯಲ್ಲಿ ಫೋನು ಹಿಡಿದು, ಬರಲಿ ದೇವರೇ ಎನ್ನುತ್ತಲೇ ಇನ್ನೊಂದು ಕೈಯಿಂದ ಅವನ್ನು ತಂತಿಯಿಂದ ಎಳೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದೆ, ಇನ್ನೊಂದರ್ಧ ಗಂಟೆ ತಡಿ ಎಂದೂ ಅದೇ ದೇವರನ್ನು ಬೇಡುತ್ತಿದ್ದೆ.