ಕಮಲಾಪುರದ ಎಮ್ಮೆಯ ನಾಲಿಗೆ

ಎಮ್ಮೆಯ ನಾಲಿಗೆಯ ಚರ್ಮ ಕಳಚಿ ನನ್ನ ಅಂಗೈಗೆ ಬಂತು. ನೆನೆದ ಹಪ್ಪಳದ ಹಾಗೆ ಬೆಳ್ಳಗಿತ್ತು, ಬೆಚ್ಚಗಿತ್ತು. ಕೈಗವಸು ತೊಟ್ಟಿದ್ದರೂ ಜೊಲ್ಲು ಮೊಣಕೈವರೆಗೆ ಇಳಿದು ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಜೊತೆಗಿದ್ದ ಪಶುವೈದ್ಯರು, “ಶೀಶೆದಾಗ ಹಾಕ್ರಿ ಮೇಡಂ, ಜಲ್ದಿ” ಎಂದರು. ಹಾಕಿದೆ. ಆಮೇಲೆ ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಕಲಬುರಗಿಗೆ ಬಂದು ಅಂದಿಗೆ ನಾಲ್ಕು ದಿನ. ಅದೇ ಜಿಲ್ಲೆಯ ಕಮಲಾಪುರವನ್ನು ನಾನು ಮೊದಲ ಸಲ ನೋಡಿದ್ದು ಹೀಗೆ.

ನಾನು ಗಂಗೊಳ್ಳಿಯ ಕಡಲ ಬದಿಯವಳು. ಓದಿದ್ದು ಪ್ರೋಟೀನುಗಳ ರಚನೆ. ಇಲ್ಲಿಗೆ ಬಂದದ್ದು ಜಾನುವಾರು ರೋಗದ ಒಂದು ಯೋಜನೆಗೆ, ಗುತ್ತಿಗೆ ಕೆಲಸದ ಮೇಲೆ. ನನ್ನ ಪ್ರೋಟೀನಿನ ಹೆಸರು ಇಂಟೆಗ್ರಿನ್. ಅದು ಜೀವಕೋಶದ ಹೊರಮೈಯಲ್ಲಿರುತ್ತದೆ. ಅದಕ್ಕೆ ಎರಡು ಎಳೆಗಳು. ಎರಡರ ಬುಡವೂ ಪೊರೆಯನ್ನು ತೂರಿ ಕೋಶದ ಒಳಗಿರುತ್ತದೆ, ತಲೆಗಳು ಹೊರಗೆ ಒಂದಕ್ಕೊಂದು ಆತುಕೊಂಡಿರುತ್ತವೆ. ತಲೆಗಳು ಕೂಡುವಲ್ಲಿ ಒಂದು ಸಣ್ಣ ಸಂದು. ಸುತ್ತಲಿನ ಪ್ರೋಟೀನುಗಳಲ್ಲಿರುವ, ಮೂರು ಅಮೈನೋ ಆಮ್ಲಗಳ ಒಂದು ತುಣುಕನ್ನು ಆ ಸಂದಿನಲ್ಲಿ ಹಿಡಿದು, ಹಿಡಿತ ಸಿಕ್ಕಿತೆಂದು ಕೋಶದೊಳಕ್ಕೆ ತಿಳಿಸುವುದು ಅದರ ಕೆಲಸ. ಕಾಲುಬಾಯಿ ರೋಗದ ವೈರಸ್ಸಿನ ಮೈಮೇಲೂ ಅದೇ ಮೂರರ ತುಣುಕಿದೆ. ಇಂಟೆಗ್ರಿನ್ ಅದನ್ನು ಹಿಡಿಯುತ್ತದೆ, ಕೋಶ ಒಳಗೆಳೆದುಕೊಳ್ಳುತ್ತದೆ. ಐದು ವರ್ಷ ಇದನ್ನು ಕಂಪ್ಯೂಟರಿನಲ್ಲಿ ನೀಲಿ, ಹಸಿರು ಪಟ್ಟಿಗಳಾಗಿ ತಿರುಗಿಸಿ ನೋಡಿ, ಎಷ್ಟು ಚೆಂದ ಎಂದುಕೊಂಡಿದ್ದೆ. ದನ ಎಮ್ಮೆಗಳ ನಾಲಿಗೆಯಲ್ಲಿ, ಗೊರಸಿನ ಸಂದಿಯಲ್ಲಿ ಇದು ಹೇರಳವಾಗಿದೆ ಎಂದು ಬರೆದೂ ಇದ್ದೆ. ಬರೆಯುವಾಗ ವಾಸನೆ ಬಂದಿರಲಿಲ್ಲ.

ಎಮ್ಮೆ ಶಾಂತಾಬಾಯಿ ಎಂಬವರದು. ಐವತ್ತರ ಆಸುಪಾಸಿನ ಹೆಂಗಸು, ಬೌದ್ಧರಾದ ದಲಿತರ ಮನೆ. ಕೂಲಿಯಲ್ಲಿ ಉಳಿಸಿ ಕೊಂಡ ಒಂದೇ ಎಮ್ಮೆ. ನಾನು ಮೂರು ಸಲ ಸೋಪು ಹಚ್ಚಿ ಕೈ ತೊಳೆದು ಬಂದಾಗ ಚಹಾ ಹಿಡಿದು ನಿಂತಿದ್ದರು.

“ಕುಡೀರಿ ಮೇಡಂ, ಹೊಟ್ಟಿಗೆ ಸಮಾಧಾನ ಆಗ್ತದ.”

ಚಹಾದ ಮೇಲಿನ ಕೆನೆ ನೋಡಿದ್ದೇ ಶೀಶೆಗೆ ಹಾಕಿದ ಸಿಪ್ಪೆ ಕಣ್ಣಿಗೆ ಕಟ್ಟಿತು. ಬೇಡವೆಂದು ಕೈಯಾಡಿಸಿ, ಅರಿವಿಲ್ಲದೆ ಮುಖ ತಿರುಗಿಸಿದೆ. ಅವರ ಮುಖ ಇಳಿಯಿತು.

“ಇರಲಿ ಬಿಡ್ರಿ. ನಮಗೇನು ಹೊಸಾದಲ್ಲ.”

ಏನು ಹೊಸದಲ್ಲ ಎಂಬುದು ನನಗೆ ತಿಳಿಯಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ವೈದ್ಯರು ಬಿಡಿಸಿ ಹೇಳಿದರು: “ಅವ್ರ ಮನ್ಯಾಗ ನಮ್ಮಂಥೋರು ಭಾಳ ಮಂದಿ ಚಾ ಮುಟ್ಟಂಗಿಲ್ರಿ. ನೀವೂ ಅಂಥೋರೊಳಗ ಒಬ್ಬಾಕಿ ಅಂತ ತಿಳಕೊಂಡಾರ.” ಎಮ್ಮೆಯ ಜೊಲ್ಲಿಗಿಂತ ಹೆಚ್ಚಿನ ಅಸಹ್ಯ ಆಗ ನನ್ನ ಮೇಲೇ ಹುಟ್ಟಿತು.

ನಾನಿದ್ದದ್ದು ಕಲಬುರಗಿಯ ಅಂಚಿನ ಶರಣಸಿರಸಗಿಯ ಹೊಸ ಲೇಔಟಿನಲ್ಲಿ. ನಮ್ಮೂರಲ್ಲಿ ಮನೆಗಳು ತೆಂಗಿನ ಮರೆಯಲ್ಲಿರುತ್ತವೆ. ಇಲ್ಲಿ ಅರ್ಧ ಕಟ್ಟಿದ ಮನೆಯ ಗೋಡೆಗೇ ತೊಗರಿ ಹೊಲ ತಾಗಿರುತ್ತದೆ, ಕಣ್ಣಿಗೆ ತಡೆಯೇ ಇಲ್ಲ. ಮಾಲಕಿ ಮಹಾದೇವಕ್ಕ ‘ಕಿರಾಯಿ’, ಅಂದರೆ ಬಾಡಿಗೆ, ಮಾತಾಡುವ ಮೊದಲೇ ಕೇಳಿದ್ದರು: “ನೀವು ಯಾವ ಮಂದಿ ರೀ?” ಮಂದಿ ಎಂದರೆ ಜನ, ಹೀಗೆ ಕೇಳಿದರೆ ಜಾತಿ. ನಮ್ಮೂರಲ್ಲಿ ಇದನ್ನೇ ಕುಲದೇವರು, ಮೂಲದ ಮನೆ ಎಂದು ಸುತ್ತಿ ಬಳಸಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಮಾಂಸ, ಮೀನು ತರಕೂಡದು ಎಂದರು. ಒಪ್ಪಿದೆ. ಬಟ್ಟೆಗೆ ವಾಸನೆ ಅಂಟಿ ಬಂದೀತೆಂದು ಹೊರಗೂ ಮೀನು ತಿನ್ನುವುದನ್ನು ಬಿಟ್ಟೆ. ಅಕ್ಕ ಕೆಟ್ಟವರಲ್ಲ. ಜ್ವರ ಬಂದಾಗ ಎರಡು ದಿನ ಗಂಜಿ ಮಾಡಿ ಕೊಟ್ಟವರು.

ಎರಡು ವಾರ ಬಿಟ್ಟು ಮತ್ತೆ ಕಮಲಾಪುರಕ್ಕೆ ಹೋದೆ. ಎಮ್ಮೆ ಚೇತರಿಸಿಕೊಂಡು ಮೇವು ಕಚ್ಚುತ್ತಿತ್ತು. ಅಂಗಳದಲ್ಲಿ ನಿಂತು, “ಹಸಿವಾಗಿದೆ, ಏನಾದರೂ ಕೊಡ್ತೀರಾ?” ಎಂದು ಕೇಳಿದೆ. ಶಾಂತಾಬಾಯಿ ಒಂದು ಗಳಿಗೆ ನನ್ನನ್ನೇ ನೋಡಿ ಒಳಗೆ ಕರೆದರು. ಜೋಳದ ರೊಟ್ಟಿ, ಪುಂಡಿಪಲ್ಯ. ಆ ಹುಳಿ ಸೊಪ್ಪು ನನಗೆ ಸೇರಲಿಲ್ಲ, ನಿಜ ಹೇಳುತ್ತೇನೆ. ಆದರೂ ಪೂರ್ತಿ ತಿಂದೆ.

“ಆವತ್ತು ನಾಲಿಗಿ ಸಿಪ್ಪಿ ಯಾಕ ಒಯ್ದ್ರಿ?” ಎಂದರು.

ವೈರಸ್ಸು ಕೋಶದೊಳಗೆ ಹೋಗುವ ಬಗೆಯನ್ನು ಹೇಳಿದೆ. ಅವರು ಕೈಗೆ ಮೆತ್ತಿದ ಹಿಟ್ಟು ಉಜ್ಜುತ್ತ ಕೇಳಿದರು: “ಹಂಗಾದ್ರ ಆ ಪ್ರೋಟೀನೇ ಇರದಂಗ ಮಾಡಿದ್ರ ಆತಲ್ಲ?”

“ಅದು ರೋಗಕ್ಕೆಂದು ಇರುವುದಲ್ಲ ಅಮ್ಮ. ಗಾಯ ಮಾಯುವುದರಲ್ಲಿ ಅದರ ಪಾಲೂ ಇದೆ. ಕಿತ್ತು ಹಾಕಿದರೆ ಎಮ್ಮೆಗೇ ತೊಂದರೆ. ವೈರಸ್ಸು ಬರುವ ಮೊದಲು ಬೇರೆ ಏನಾದರೂ ಆ ಸಂದಿನಲ್ಲಿ ಕೂತು ಅಡ್ಡಗಟ್ಟಬಹುದೇ ಎಂದು ಹುಡುಕುತ್ತಿದ್ದೇವೆ.”

“ಸಿಕ್ಕದ ಏನು?”

“ಇನ್ನೂ ಇಲ್ಲ.”

“ಹುಡುಕ್ರಿ ಹುಡುಕ್ರಿ. ಇನ್ನೊಂದ್ ರೊಟ್ಟಿ ಹಾಕ್ಲೇನು?”

ಕೆಲವು ತಿಂಗಳಾದ ಮೇಲೆ ಅವರ ಎಮ್ಮೆ ಈದಿತು. ನಗರಕ್ಕೆ ಬಂದವರು ಡಬ್ಬಿಯಲ್ಲಿ ಗಿಣ್ಣ ತಂದು, ನನ್ನ ಕೋಣೆಯಲ್ಲಿ ಅರ್ಧ ತಾಸು ಕೂತು ಹೋದರು. ಗೇಟಿನಲ್ಲಿ ಮಹಾದೇವಕ್ಕ ಅವರ ಊರು, ಓಣಿ ಎಲ್ಲ ವಿಚಾರಿಸಿದ್ದರಂತೆ. ಶಾಂತಾಬಾಯಿ ಇನ್ನೂ ತಿರುವು ದಾಟಿರಲಿಲ್ಲ, ಅಕ್ಕ ಮೆಟ್ಟಿಲ ಮೇಲೆ ಫಿನಾಯಿಲ್ ಸುರಿದರು.

“ತಂಗಿ, ಆಕಿ ಕುಂತ ಖುರ್ಚಿ ತೊಳದು ಒಳಗಿಡವ್ವ.”

ನನಗೆ ಗಂಜಿ ಕೊಟ್ಟ ಕೈಯಲ್ಲೇ ಪೊರಕೆ ಇತ್ತು.

“ಖುರ್ಚಿ ನಂದು ಅಕ್ಕ. ತೊಳೆಯೋದಿಲ್ಲ.”

“ನಮ್ಮ ಮನ್ಯಾಗ ಹಂಗ ನಡ್ಯಂಗಿಲ್ಲ.”

“ಹಾಗಾದರೆ ನಾನೂ ಇರೋದಿಲ್ಲ.”

ಅದೇ ತಿಂಗಳು ನಗರದೊಳಗೆ, ಐವಾನ್-ಎ-ಶಾಹಿ ಕಡೆ ಒಂದು ಕೋಣೆ ಹಿಡಿದೆ. ಮಾಲೀಕರು ಏನೂ ಕೇಳಲಿಲ್ಲ. ಗೆದ್ದೆ ಅನಿಸಿತು.

ರಜೆಗೆ ಗಂಗೊಳ್ಳಿಗೆ ಹೋದೆ. ಹೊರಟು ಒಂದು ವರ್ಷದ ಮೇಲಾಗಿತ್ತು. ನಾನು ಬರುತ್ತೇನೆಂದು ಅಮ್ಮ ಬುಟ್ಟಿ ತುಂಬ ಬಂಗುಡೆ ತಂದು ಹಿತ್ತಲಲ್ಲಿ ಕೂತಿದ್ದಳು. ಓಡಿ ಹೋದವಳು ನಾಲ್ಕು ಹೆಜ್ಜೆ ದೂರದಲ್ಲೇ ನಿಂತೆ. ಹುಟ್ಟಿದಾಗಿನಿಂದ ಉಸಿರಾಡಿದ ವಾಸನೆ. ಕೈ ತಾನಾಗಿ ವೇಲಿನ ತುದಿಯನ್ನು ಮೂಗಿಗೆ ಒಯ್ದಿತ್ತು. ಮಹಾದೇವಕ್ಕನ ಮನೆ ಬಿಟ್ಟು ಬಂದರೂ ಅವರ ಮೂಗು ನನ್ನ ಮುಖದಲ್ಲಿ ಉಳಿದಿತ್ತು.

ಅಮ್ಮ ಕತ್ತಿ ನಿಲ್ಲಿಸಿ ನೋಡಿದಳು. “ಎಂತ ಮಗಾ, ವಾಸ್ನಿ ಬತ್ತಾ?”

“ಇಲ್ಲಮ್ಮ” ಎಂದೆ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಮೀನಿನ ಹೊಟ್ಟೆ ಸೀಳಿದೆ. ಅಮ್ಮ ತನ್ನ ಕೆಲಸ ಬಿಟ್ಟು ನನ್ನ ಕೈಯನ್ನಲ್ಲ, ಮುಖವನ್ನೇ ನೋಡುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ಇನ್ನೊಂದು ಮೀನು ಎತ್ತಿಕೊಂಡೆ.