ಕೂಸಿನ ಮುಂದೆ ಕನ್ನಡ ಬಂದ್

ನನ್ನ ಮೊಮ್ಮಗಳಿಗೆ ಎರಡೂವರೆ ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಬೇಕಾದದ್ದನ್ನು ಬೊಟ್ಟು ಮಾಡಿ ತೋರಿಸುತ್ತಿದ್ದಳು, ಕೊಡದಿದ್ದರೆ ಚೀರುತ್ತಿದ್ದಳು. ಅಷ್ಟೇ. ಓಣಿಯಲ್ಲಿ ಅವಳಿಗಿಂತ ಸಣ್ಣ ಕೂಸುಗಳು ಬೈಗುಳ ಸಮೇತ ಮಾತಾಡುತ್ತಿದ್ದವು. ಅದನ್ನು ಕೇಳಿ ಸೊಸೆ ಒಳಗೆ ಹೋಗಿ ಅಳುತ್ತಿದ್ದಳು.

ನಮ್ಮ ಮನೆ ನಿಪ್ಪಾಣಿಯ ಹೊರಗೆ, ಹೊಸದಾಗಿ ಪ್ಲಾಟು ಬಿದ್ದ ಕಡೆ. ಅಲ್ಲಿ ಒಂದೇ ಊರಿನವರು ಅಂತ ಯಾರೂ ಇರಲಿಲ್ಲ. ನಾನು ದಿಗ್ಗೇವಾಡಿಯವಳು, ಮೂರನೇ ಇಯತ್ತೆ ತನಕ ಕನ್ನಡ ಸಾಲೆಗೆ ಹೋದವಳು. ಗಂಡನ ಮನೆಯವರದು ಮರಾಠಿ. ಅವನು ಬದುಕಿರುವ ತನಕ ಮರಾಠಿಯಲ್ಲಿ ಬೈದ, ನಾನು ಕನ್ನಡದಲ್ಲಿ ತಿರುಗಿ ಬೈದೆ, ಸಂಸಾರ ಸರಿಯಾಗಿಯೇ ನಡೆಯಿತು. ಮಗ ನನ್ನ ಜೊತೆ ಕನ್ನಡ, ಅಪ್ಪನ ಜೊತೆ ಮರಾಠಿ ಆಡುತ್ತ ಬೆಳೆದ. ಸೊಸೆ ಕೊಲ್ಹಾಪುರದ ಕಡೆಯವಳು, ಅವಳದು ಅಪ್ಪಟ ಮರಾಠಿ. ಪಕ್ಕದ ಮನೆಯ ಮುಸಲ್ಮಾನರ ಹೆಂಗಸು ನನ್ನ ವಾರಿಗೆಯವಳು. ಅವರ ಮನೆ ಮಾತು ಉರ್ದು. ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಜೊತೆ ಬೀಡಿ ಕಟ್ಟುತ್ತಿದ್ದಳು. ಮೊಮ್ಮಗಳು ನಮ್ಮಿಬ್ಬರ ನಡುವೆ ಆಡುತ್ತಿದ್ದಳು. ಮುದ್ದಿಗೆ ಅವಳನ್ನು ನಾನು ಗುಬ್ಬಿ ಅನ್ನುತ್ತಿದ್ದೆ, ತಾಯಿ ಚಿಮಣಿ ಅನ್ನುತ್ತಿದ್ದಳು, ಪಕ್ಕದವಳು ಚಿಡಿಯಾ ಅನ್ನುತ್ತಿದ್ದಳು. ಹಕ್ಕಿ ಒಂದೇ.

ದೀಪಾವಳಿಗೆ ಸೊಸೆಯ ಅಣ್ಣ ಬಂದ. ಅವನು ಅತ್ತ ಕಡೆ ಎಲ್ಲೋ ಮಾಸ್ತರ. ಚಕ್ಕುಲಿ ತಿನ್ನುತ್ತ ತೀರ್ಪು ಕೊಟ್ಟ. ಮೂರು ಭಾಷೆ ಕೇಳಿ ಕೇಳಿ ಕೂಸಿನ ತಲೆ ಕಲಸಿಹೋಗಿದೆ, ಮನೆಯಲ್ಲಿ ಒಂದೇ ಭಾಷೆ ಇಡಿ, ತಾನೇ ಮಾತಾಡುತ್ತದೆ ಅಂದ. ಮಗನ ಕೈಗೆ ಟಚ್ ಮೊಬೈಲು ಹೊಸದಾಗಿ ಬಂದಿತ್ತು. ಅವನು ಅದರಲ್ಲಿ ಹುಡುಕಿ ನೋಡಿ, ಇದರಲ್ಲೂ ಹಾಗೇ ಇದೆ ಅಂದ. ಯಾವ ಭಾಷೆ ಇಡಬೇಕು ಅಂತ ನನ್ನನ್ನು ಯಾರೂ ಕೇಳಲಿಲ್ಲ.

ಮಾಸ್ತರ ಊರಿಗೆ ಹೋದ ಮೇಲೆ ಮಗ ನನ್ನ ಹತ್ತಿರ ಬಂದು ಕೂತ.

“ಅವ್ವಾ, ಸ್ವಲ್ಪ ದಿವ್ಸ ಕೂಸಿನ ಮುಂದ ಕನ್ನಡ ಬ್ಯಾಡ.”

“ಮತ್ತ ಏನ್ ಆಡ್ಲಿ? ಇಂಗ್ಲಿಷ?”

“ಮರಾಠಿ ಮಾತಾಡ. ನಿನಗ ಬರ್ತೈತಲ್ಲ.”

“ಬರ್ತೈತಿ. ಸಂತ್ಯಾಗ ಕಾಯಿಪಲ್ಯ ತರೂವಷ್ಟ ಬರ್ತೈತಿ. ಕೂಸಿನ್ನ ಆಡ್ಸೂವಷ್ಟ ಬರೂದಿಲ್ಲ. ನಾ ಸುಮ್ನ ಇರ್ತೀನಿ, ತಗೊ.”

ಸಿಟ್ಟಿರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಇತ್ತು. ಆದರೆ ನನ್ನ ಮಾತಿನಿಂದಲೇ ಕೂಸಿನ ಬಾಯಿ ಕಟ್ಟಿದ್ದರೆ ನಾನು ಬಾಯಿ ಮುಚ್ಚಲೇಬೇಕಿತ್ತು. ಮರುದಿನದಿಂದ ಅವಳ ಎದುರು ಒಂದು ಮಾತಾಡಲಿಲ್ಲ. ಪಕ್ಕದವಳಿಗೂ ಅದೇ ಕಟ್ಟುಪಾಡು. ಕಟ್ಟೆಯ ಮೇಲೆ ಇಬ್ಬರು ಮುದುಕಿಯರು ಮೂಕರ ಹಾಗೆ ಬೀಡಿ ಸುತ್ತಿದೆವು. ಇಪ್ಪತ್ತೈದರ ಕಟ್ಟು ಎಣಿಸುವಾಗ ನನ್ನ ತುಟಿ ಅಲ್ಲಾಡುತ್ತದೆ. ಸೊಸೆ ಅದನ್ನೂ ನೋಡುತ್ತಿದ್ದಳು. ಆಗಲಿ ಅಂತ ಮರಾಠಿಯಲ್ಲಿ ಎಣಿಸಲು ಹೋದೆ. ಒಂದು ಕಟ್ಟಿನಲ್ಲಿ ಇಪ್ಪತ್ನಾಲ್ಕು, ಇನ್ನೊಂದರಲ್ಲಿ ಇಪ್ಪತ್ತೇಳು. ಬೀಡಿ ಒಯ್ಯಲು ಬಂದ ಮನುಷ್ಯ ಅಷ್ಟನ್ನೂ ಬಿಚ್ಚಿ ನನ್ನ ಮೊರದೊಳಗೆ ಒಗೆದ.

“ಏನಬೇ ಮುದುಕಿ, ಕಣ್ಣ ಹೋದೂ ಏನ?”

“ಕಣ್ಣ ಅದಾವ. ನಾಲಿಗಿ ಕಸ್ಕೊಂಡಾರ,” ಅಂದಳು ಪಕ್ಕದವಳು.

ಮಾತು ಬಿಟ್ಟ ಮೇಲೆ ಉಳಿದದ್ದು ಕೈಸನ್ನೆ. ಬಾ ಅನ್ನಲು ಕೈ ಬೀಸುತ್ತಿದ್ದೆ, ಬೇಡ ಅನ್ನಲು ಬೆರಳು ಅಲ್ಲಾಡಿಸುತ್ತಿದ್ದೆ. ಹದಿನೈದು ದಿನ ಹೀಗೆ ನಡೆದ ಮೇಲೆ ನನಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಾನು ಕೈ ಬೀಸಿದರೆ ಕೂಸು ಅಂಗಳದ ಆ ತುದಿಯಿಂದ ಓಡಿ ಬರುತ್ತದೆ. ತಾಯಿ ಬಾಗಿಲಲ್ಲಿ ನಿಂತು ಕರೆದರೆ, ಅವಳ ಮುಖ ಕಂಡರೆ ಮಾತ್ರ ಬರುತ್ತದೆ. ಬೆನ್ನು ಮಾಡಿ ಕೂತಿದ್ದರೆ ಇಲ್ಲ. ಅದನ್ನು ನಾವು ಹಟ ಅಂದುಕೊಂಡಿದ್ದೆವು. ಕಿವಿಯ ಬಗ್ಗೆ ಯಾರಿಗೂ ಸಂಶಯ ಬಂದಿರಲಿಲ್ಲ, ಯಾಕೆಂದರೆ ತಾಟು ಬಿದ್ದರೆ ಬೆಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಗೋಡೆಯ ಕಡೆ ಮುಖ ಮಾಡಿ ಆಡುತ್ತಿದ್ದಾಗ ಶೇಂಗಾ ಉಂಡಿಯ ಡಬ್ಬಿಯನ್ನು ಹಿಂದಿನಿಂದ ಅಲ್ಲಾಡಿಸಿದೆ. ಆ ಉಂಡಿ ಎಂದರೆ ಅವಳಿಗೆ ಪ್ರಾಣ. ತಿರುಗಲಿಲ್ಲ. “ಗುಬ್ಬೀ,” ಅಂದೆ. ತಿರುಗಲಿಲ್ಲ.

“ನೀ ಕರಿ,” ಅಂದೆ ಪಕ್ಕದವಳಿಗೆ.

“ಚಿಡಿಯಾ, ಇಧರ್ ಆ ಬೇಟಾ!” ಕೂಸು ಕಲ್ಲಿನ ಮೇಲೆ ಕಲ್ಲು ಇಡುತ್ತಲೇ ಇತ್ತು.

ನಮ್ಮ ದನಿ ಕೇಳಿ ಸೊಸೆ ಕಟ್ಟಳೆ ಮುರಿದಿರಿ ಅಂತ ಸಿಟ್ಟಿನಿಂದ ಹೊರಗೆ ಬಂದಳು. ಮುಂದೆ ಹೋಗಬೇಡ, ಅಲ್ಲಿಂದಲೇ ನೀನೂ ಕರೆ ಅಂದೆ. ಚಿಮಣೀ ಅಂತ ಎರಡು ಸಲ ಕರೆದಳು. ಮೂರನೆಯ ಸಲವೂ ಕೂಸು ತಿರುಗಲಿಲ್ಲ.

“ನೋಡ್ವಾ, ಮೂರೂ ಭಾಷಾ ಮುಗದೂ,” ಅಂದೆ. “ತಲಿ ಕಲಸಿಲ್ಲ. ಕಿವಿ ಕೇಳ್ಸವಲ್ದು.”

ಸೊಸೆ ನನ್ನ ಮೇಲೆ ಹರಿಹಾಯ್ದಳು. ನನ್ನ ಮಗಳಿಗೆ ಕಿವುಡಿ ಅನ್ನುತ್ತೀರಾ, ಈ ಮಾತು ಓಣಿ ತುಂಬ ಹಬ್ಬಿದರೆ ನಾಳೆ ಅವಳ ಗತಿ ಏನು ಅಂತ ಮರಾಠಿಯಲ್ಲಿ ಕೂಗಾಡಿದಳು. ನಾನೂ ಮರಾಠಿಯಲ್ಲೇ ಉತ್ತರ ಕೊಟ್ಟೆ. ಜಗಳಕ್ಕೆ ಸಾಲುವಷ್ಟು ಮರಾಠಿ ನನಗೆ ಬರುತ್ತದೆ ಅಂತ ಆವತ್ತು ಗೊತ್ತಾಯಿತು. ಸಂಜೆ ಮಗ ಬಂದ. ಅವನೂ ಹಿಂದಿನಿಂದ ಕರೆದು ನೋಡಿ, ಗೋಡೆಗೆ ಒರಗಿ ಕೂತುಬಿಟ್ಟ.

ಮರುದಿನ ಎಲ್ಲರೂ ಚಿಕ್ಕೋಡಿಗೆ, ಕಿವಿ ಡಾಕ್ಟರ ಹತ್ತಿರ. ಬ್ಯಾಟರಿ ಬಿಟ್ಟು ನೋಡಿದ. ಕಿವಿಯ ಪರದೆಯ ಹಿಂದೆ ನೀರು ನಿಂತಿದೆ, ಬಾವಿಯಲ್ಲಿ ಮುಳುಗಿ ಕೇಳಿದ ಹಾಗೆ ಕೇಳುತ್ತದೆ ಅಂದ. ಮೊದಲು ಕಿವಿ ಸೋರಿತ್ತಾ? ಸೋರಿತ್ತು. ಏನು ಹಾಕಿದಿರಿ? ಎಲ್ಲರೂ ನನ್ನ ಮುಖ ನೋಡಿದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಸೋರುವುದು ನಿಂತಿತ್ತು, ವಾಸಿಯಾಯಿತು ಅಂತ ನಾನೇ ಸಾರಿದ್ದೆ. ಡಾಕ್ಟರ ಬೈದ. ಆ ಬೈಗುಳ ನನಗೆ ಸಲ್ಲಬೇಕಾದದ್ದೇ. ತೆಗೆದುಕೊಂಡೆ.

“ಸಾಹೇಬ್ರ, ಮನ್ಯಾಗ ಯಾವ ಭಾಷಾ ಮಾತಾಡೂಣ್ರಿ?” ಅಂತ ಮಗ ಕೇಳಿದ.

“ಯಾವ್ದರ ಆಡ್ರಿ. ಸುಮ್ನ ಕೂಡಬ್ಯಾಡ್ರಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ಸೊಸೆ ಕೂಸನ್ನು ತನ್ನ ತೊಡೆಯಿಂದ ಎತ್ತಿ ನನ್ನ ತೊಡೆಯ ಮೇಲೆ ಕೂಡಿಸಿದಳು. “ಬೋಲಾ, ಆಯಿ,” ಅಂದಳು, ಮಾತಾಡಿ ಅಂತ. ತಪ್ಪಾಯಿತು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಕೂಸಿನ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡು, ನಿಪ್ಪಾಣಿ ಬರುವ ತನಕ ಕಿಟಕಿಯಲ್ಲಿ ಕಂಡದ್ದಕ್ಕೆಲ್ಲ ಹೆಸರು ಹೇಳಿದೆ.

ಔಷಧಕ್ಕೆ ಬಗ್ಗಲಿಲ್ಲ. ಬೆಳಗಾವಿಯಲ್ಲಿ ಸಣ್ಣ ಆಪರೇಷನ್ ಆಯಿತು. ಮಾತು ಒಂದೇ ದಿನಕ್ಕೆ ಬರಲಿಲ್ಲ, ಆರು ತಿಂಗಳು ಹಿಡಿಯಿತು. ಬಂದ ಮೇಲೆ ನಿಲ್ಲಲಿಲ್ಲ. ಯಾರ ಹತ್ತಿರ ಯಾವುದನ್ನು ಆಡಬೇಕೆಂದು ಯಾರೂ ಅವಳಿಗೆ ಕಲಿಸಲಿಲ್ಲ. ಪಲ್ಯಕ್ಕೆ ಉಪ್ಪಿಲ್ಲ ಅಂತ ನಾನು ಕಟ್ಟೆಯ ಮೇಲೆ ಪಿಸುಗುಟ್ಟಿದರೆ ಸಾಕು, ಒಳಗೆ ಓಡಿ ಹೋಗಿ ತಾಯಿಗೆ ಮರಾಠಿಯಲ್ಲಿ ಒಪ್ಪಿಸಿ ಬರುತ್ತಿದ್ದಳು.

“ನಿಮ್ಮವ್ವ ಏನಂದ್ಳ?” ಅಂತ ಒಂದು ದಿನ ಕೇಳಿದೆ.

“ಉಪ್ಪ ಬೇಕಾದ್ರ ಎದ್ದ ಬಂದ ಹಾಕ್ಕೊಳ್ಳಿ ಅಂದ್ಳ.”

ಎದ್ದು ಹೋಗಿ ಹಾಕಿಕೊಂಡೆ.