ಮನೆದೇವರು ಕೇಳಿ ಕೊಟ್ಟ ಖೋಲಿ

“ನಿಮ್ಮ ಮನಿದೇವ್ರು ಯಾವುದ್ರಿ?”

ಸುರಪುರದಲ್ಲಿ ಬಾಡಿಗೆಗೆ ಮನೆ ಕೇಳಲು ಹೋದವಳಿಗೆ ಎದುರಾದ ಮೊದಲ ಪ್ರಶ್ನೆ ಇದು. ಹೆಸರು ಕೇಳಲಿಲ್ಲ, ಕೆಲಸ ಕೇಳಲಿಲ್ಲ. ನಾನು ಕೊಳ್ಳೇಗಾಲದ ಕಡೆಯವಳು. ಹೈಸ್ಕೂಲು ಟೀಚರ್ ಕೆಲಸದ ಆದೇಶ ಹಿಡಿದುಕೊಂಡು ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದಿದ್ದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. “ಮಾದಪ್ಪ” ಎಂದೆ, “ಮಹದೇಶ್ವರ.” ಮನೆಯೊಡತಿ ನೀಲಮ್ಮನ ಮುಖ ಅರಳಿತು.

“ಅಂದ್ರ ಶಿವನ ಒಕ್ಕಲು! ನಮ್ಮ ಪೈಕೀನ ಆದ್ರಿ ಬಿಡ್ರಿ. ಬರ್ರಿ, ಒಳಗ ಬರ್ರಿ.”

ಮಾದಪ್ಪನ ಬೆಟ್ಟಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ. ಆ ದೇವರ ಹೆಸರು ಹಿಡಿದು ಯಾರ ಜಾತಿಯನ್ನೂ ಪತ್ತೆ ಮಾಡಲಾಗದು. ಅದು ನೀಲಮ್ಮನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾವು ದಲಿತರು ಎಂದು ಅಲ್ಲೇ ಹೇಳಬಹುದಿತ್ತು. ಅದಕ್ಕೆ ಮೊದಲೇ ನಾಲ್ಕು ಮನೆ ನೋಡಿ ಸುಸ್ತಾಗಿದ್ದೆ. ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ. ಖೋಲಿ ಚೆನ್ನಾಗಿತ್ತು.

ನಮ್ಮೂರಲ್ಲಿ ಇದೇ ಪ್ರಶ್ನೆಯನ್ನು “ಯಾವ ಬೀದಿಯವರು?” ಎಂದು ಕೇಳುತ್ತಾರೆ. ದನಿ ಮೆತ್ತಗಿರುತ್ತದೆ, ಅಷ್ಟೇ ವ್ಯತ್ಯಾಸ. ಇಲ್ಲಿಯ ಮಾತು ಖಡಕ್ಕು. ಮೊದಮೊದಲು ಎಲ್ಲರೂ ನನ್ನನ್ನು ಬೈಯುತ್ತಿದ್ದಾರೆಂದೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇವರು ಪ್ರೀತಿಯನ್ನೂ ಗದರಿಸಿಯೇ ಹೇಳುತ್ತಾರೆ. “ಏ ಅಕ್ಕೋರ, ಉಂಡ್ರಿಲ್ಲೋ? ಬಡಕಲಾಗಿ ಸತ್ತೀರಿ!” ಎಂದು ನೀಲಮ್ಮ ಒಲೆ ಮುಂದಿನಿಂದ ಕೂಗುತ್ತಿದ್ದರು. ಅಕ್ಕೋರು ಅಂದರೆ ಟೀಚರಮ್ಮ. ಮುದ್ದೆ ತಿಂದು ಬೆಳೆದ ನನಗೆ ಅವರು ಒಲೆಯ ಪಕ್ಕ ಕೂರಿಸಿಕೊಂಡು ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದರು. ನನ್ನ ಮೊದಲ ರೊಟ್ಟಿ ಎಂಟು ಕಡೆ ಹರಿದಿತ್ತು. ಅದನ್ನೇ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ ಪುಣ್ಯಾತ್ಗಿತ್ತಿ ಆಕೆ. ಆ ಒಲೆಯ ಪಕ್ಕದ ಜಾಗ ಕಳೆದುಕೊಳ್ಳುವ ಭಯದಲ್ಲೇ ಏಳು ತಿಂಗಳು ದೂಡಿದೆ.

ನನ್ನ ಶಾಲೆ ಇರುವುದು ತಿಂಥಣಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಹತ್ತನೇ ತರಗತಿಗೆ ಸಮಾಜ ವಿಜ್ಞಾನ ನನ್ನದು. ಜರ್ಮನಿಯ ಪಾಠ ಬಂತು. ಯಹೂದಿಗಳ ನರಮೇಧದ ಬಗ್ಗೆ ಪುಸ್ತಕದಲ್ಲಿ ಕೆಲವೇ ಸಾಲು. ಹೆಡ್ ಮಾಸ್ತರು, “ಒಂದು ಮಾರ್ಕಿನ ಪ್ರಶ್ನಿ ಬರ್ತದ, ಓದಿಸಿ ಮುಂದ ಹೋಗ್ರಲ್ಲ” ಎಂದರು. ಅರವತ್ತು ಲಕ್ಷ ಜನರ ಸಾವಿಗೆ ಒಂದು ಮಾರ್ಕು! ನನಗೆ ಉರಿದುಹೋಯಿತು. ನಾಲ್ಕು ಪೀರಿಯಡ್ ತೆಗೆದುಕೊಂಡೆ.

ಶಿಬಿರಗಳಿಂದ ಶುರು ಮಾಡಲಿಲ್ಲ. ಕಾನೂನಿನಿಂದ ಶುರು ಮಾಡಿದೆ. ಅಲ್ಲಿನ ಸರ್ಕಾರದವರು ನಿಮ್ಮ ಅಜ್ಜ ಯಾರು, ಅಜ್ಜಿ ಯಾರು ಎಂದು ಕೇಳಿ, ಅವರು ಯಹೂದಿಗಳಾಗಿದ್ದರೆ ನೀವೂ ಯಹೂದಿ ಎಂದು ಬರೆದುಕೊಂಡರು. ಆಮೇಲೆ ಅವರ ಅಂಗಡಿಗಳನ್ನು ಮುಚ್ಚಿಸಿದರು, ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು, ಎದೆಗೆ ಹಳದಿ ನಕ್ಷತ್ರ ಹೊಲಿಸಿದರು. ಶಿಬಿರಗಳಿಗೆ ಒಯ್ಯುವ ರೈಲು ಬಂದದ್ದು ಅದಾದ ಮೇಲೆ. ಕೆಲವರು ಹೆಸರು ಬದಲಿಸಿಕೊಂಡು, ಮುಚ್ಚಿಟ್ಟುಕೊಂಡು ಬದುಕಿದರು ಎಂದೂ ಹೇಳಿದೆ.

ಮೂರನೇ ಬೆಂಚಿನ ಸುಜಾತಾ ಎದ್ದು ನಿಂತಳು. ಬೌದ್ಧರಾದ ದಲಿತರ ಮನೆಯ ಹುಡುಗಿ, ತಂದೆ ತಾಯಿ ಹೊಲದ ಕೂಲಿಗೆ ಹೋಗುವವರು.

“ಅಕ್ಕೋರ, ನಮ್ಮ ಕಾಕಾ ಶಹಾಪುರದಾಗ ಖೋಲಿ ಹಿಡಿಯುವಾಗ ಜಾತಿ ಬ್ಯಾರೆ ಹೇಳ್ಯಾನ್ರಿ. ಅವಂದು ತಪ್ಪೇನ್ರಿ?”

ಸೀಮೆಸುಣ್ಣ ಕೆಳಗಿಟ್ಟೆ. “ತಪ್ಪು ಕೇಳಿದವರದು, ಅವನದಲ್ಲ” ಎಂದೆ.

“ಖರೇ ಹೇಳಿದ್ರ ಏನಾಗ್ತದ್ರಿ?”

“ಖೋಲಿ ಹೋಗುತ್ತೆ, ಅಷ್ಟೆ.”

ಅಷ್ಟೆ! ನನ್ನ ಬಾಯಿಯಿಂದಲೇ ಬಂದ ಮಾತು ನನ್ನನ್ನೇ ಹಿಡಿದು ನಿಲ್ಲಿಸಿತು. ಆ ಯಹೂದಿಗಳಿಗೆ ನಿಜ ಹೇಳಿದರೆ ಜೀವ ಹೋಗುತ್ತಿತ್ತು. ಎರಡೂ ಒಂದೇ ಎಂದು ಹೇಳುವಷ್ಟು ಮೂರ್ಖಳಲ್ಲ ನಾನು. ನನಗೆ ಹೋಗುವುದು ಒಂದು ಖೋಲಿ, ಒಂದು ಒಲೆಯ ಪಕ್ಕದ ಜಾಗ. ಅದಕ್ಕೂ ಹೆದರಿ ಕೂತವಳು ಮಕ್ಕಳಿಗೆ ಯಾವ ಮುಖದಲ್ಲಿ ಈ ಪಾಠ ಮಾಡಲಿ? ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆ ಬಾಗಿಲಿಗೆ ಹೋದೆ. “ನೀಲಮ್ಮನೋರೆ, ಮಾದಪ್ಪ ಎಲ್ಲರ ದೇವರು. ನಾವು ದಲಿತರು.”

ಅವರ ಕೈ ಹಿಟ್ಟಿನಲ್ಲಿ ಹಾಗೇ ನಿಂತಿತು. “ಮೊದಲ ಯಾಕ ಹೇಳಲಿಲ್ರಿ?”

“ಹೇಳಿದ್ದರೆ ಖೋಲಿ ಕೊಡ್ತಿದ್ರಾ?”

“ಇಲ್ರಿ, ಕೊಡ್ತಿದ್ದಿಲ್ಲ” ಎಂದರು. ಸುಳ್ಳು ಹೇಳಲಿಲ್ಲ, ಅದೊಂದನ್ನು ಮೆಚ್ಚಬೇಕು. “ಮಂದಿ ಏನಂತಾರ್ರಿ? ಬ್ಯಾರೆ ಕಡೆ ನೋಡ್ಕೊಳ್ರಿ ಅಕ್ಕೋರ.”

“ನೋಡಲ್ಲ. ಮಕ್ಕಳ ಪರೀಕ್ಷೆ ಮುಗಿಯೋವರೆಗೂ ಇಲ್ಲೇ ಇರ್ತೀನಿ. ಮಂದಿ ಕೇಳಿದ್ರೆ ನನ್ನ ಹತ್ರ ಕಳಿಸಿ, ನಾನೇ ಹೇಳ್ತೀನಿ.”

ಮರುದಿನ ತರಗತಿಯಲ್ಲಿ ಇದಿಷ್ಟನ್ನೂ ಹೇಳಿದೆ. ಹಿಂದಿನ ಬೆಂಚಿನಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ನೋಡಿಕೊಳ್ಳಲಿ. ಸುಜಾತಾ ಮಾತ್ರ ನನ್ನಿಂದ ಕಣ್ಣು ತೆಗೆಯಲಿಲ್ಲ. ಫೋನಿನಲ್ಲಿ ಅವ್ವನಿಗೂ ಹೇಳಿದೆ. “ಅಲ್ಲೇಕವ್ವ ಒದ್ದಾಡ್ತೀಯೆ, ಬಂದ್ಬುಡು ಕೂಸು” ಎಂದು ಅತ್ತಳು. “ಬಂದು ಯಾವ ಬೀದಿಲಿ ಇರಲವ್ವಾ?” ಎಂದೆ.

ಇವತ್ತಿಗೆ ಹನ್ನೆರಡು ದಿನ. ನೀಲಮ್ಮ ಖೋಲಿ ಬಿಡಿ ಎಂದು ಮತ್ತೆ ಕೇಳಿಲ್ಲ. ಒಳಗೂ ಕರೆದಿಲ್ಲ. ಬೆಳಿಗ್ಗೆ ರೊಟ್ಟಿಯ ತಟ್ಟೆ ತಂದು ನನ್ನ ಹೊಸ್ತಿಲ ಹೊರಗೆ ಇಟ್ಟು ಹೋಗುತ್ತಾರೆ. ನಾನು ಮುಟ್ಟದೆ ಹಾಗೇ ಬಿಡುತ್ತೇನೆ, ಅವರು ಬಂದು ಒಯ್ಯುತ್ತಾರೆ. ಇವತ್ತು ತಟ್ಟೆ ಇಡುವಾಗ ಎದುರಿಗೇ ನಿಂತು, “ಒಳಗ ಕರದ್ರ ಉಣ್ತೀನ್ರಿ” ಎಂದೆ. ಇಷ್ಟು ತಿಂಗಳು ನಾಲಿಗೆ ಹೊರಳದ ಈ ಊರಿನ ಮಾತು ಸಲೀಸಾಗಿ ಬಂತು. “ಭಾಳ ಹಟಮಾರಿ ಅದೀರಿ” ಎಂದರು ನೀಲಮ್ಮ. “ಹೌದ್ರಿ” ಎಂದೆ.

ಕಳೆದ ರಜೆಗೆ ಹೋದಾಗ ಊರಿಂದ ತಂದ ರಾಗಿ ಹಿಟ್ಟು ಇನ್ನೊಂದು ವಾರಕ್ಕೆ ಆಗುತ್ತದೆ. ದಿನವೂ ಮುದ್ದೆ ಕಟ್ಟುತ್ತೇನೆ. ನಿಜ ಹೇಳುತ್ತೇನೆ, ಹುಟ್ಟಿದಾಗಿನಿಂದ ತಿಂದ ಆ ಮುದ್ದೆ ಈಗ ಗಂಟಲಲ್ಲಿ ಇಳಿಯುತ್ತಿಲ್ಲ. ಗೋಡೆಯಾಚೆ ನೀಲಮ್ಮ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಊರಲಿ. ಹೊಸ್ತಿಲ ಹೊರಗಿಟ್ಟ ರೊಟ್ಟಿಯನ್ನು ನಾನು ತಿನ್ನುವುದಿಲ್ಲ.